ಟ್ರಿಮ್ಮರ್ ಕೊಳ್ಳುವ ಮುಂಚೆ ಬೇಲಿ ಅಳೆಯಿರಿ

ಅಂಗಳ ಇರುವ ಮನೆಗೆ ಬಂದಿದ್ದೀರಿ. ಸಂತೋಷ. ಇನ್ನು ಸ್ವಲ್ಪ ದಿನ ತಡೆಯಿರಿ, ಹುಲ್ಲು ಮೊಣಕಾಲಿಗೆ ಬರುತ್ತದೆ. ಆಗ ಎಲ್ಲರ ಹಾಗೆ ನೀವೂ ಲಾನ್ ಮೂವರ್ ತರುತ್ತೀರಿ, ನಡುವಿನ ಹುಲ್ಲನ್ನು ನೀಟಾಗಿ ಹೊಡೆಯುತ್ತೀರಿ. ಬೇಲಿ ಬುಡ, ಗೋಡೆ ಪಕ್ಕ, ಮೆಟ್ಟಿಲ ಸಂದಿಯ ಹುಲ್ಲು ಮಾತ್ರ ಅಲ್ಲೇ ಉಳಿಯುತ್ತದೆ, ಅರ್ಧ ಕ್ಷೌರಕ್ಕೇ ಎದ್ದು ಬಂದವರ ತಲೆ ಥರ. ಆ ಉಳಿದದ್ದಕ್ಕೆ ಬೇಕು ಟ್ರಿಮ್ಮರ್. ತಿರುಗುವ ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಮಷಿನ್.

ನಾನು ಊರು ಬಿಟ್ಟು ಈ ಚಳಿ ದೇಶಕ್ಕೆ ಬಂದು ಹದಿನಾಲ್ಕು ವರ್ಷ ಆಯಿತು. ಈಗ ಕೈಯಲ್ಲಿರುವುದು ಮೂರನೇ ಟ್ರಿಮ್ಮರ್. ಮೊದಲನೆಯದನ್ನು ದಡ್ಡತನದಲ್ಲಿ ಕೊಂಡೆ, ಎರಡನೆಯದನ್ನು ಜಿಪುಣತನದಲ್ಲಿ.

ಊರಲ್ಲಿ ತೋಟದ ಕಳೆ ಹೊಡೆಯುವ ಮಷಿನ್ ನೀವೂ ನೋಡಿರುತ್ತೀರಿ. ಹೆಗಲಿಗೆ ಬೆಲ್ಟು, ಎರಡೂ ಕೈಗೆ ಹಿಡಿ, ತುದಿಯಲ್ಲಿ ಬ್ಲೇಡು, ಆಚೆ ತೋಟದವರಿಗೂ ಕೇಳುವ ಸದ್ದು. ಹುಲ್ಲು ಹೊಡೆಯೋದು ಅಂದ್ರೆ ಅದೇ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅಂಥದ್ದನ್ನೇ ಹುಡುಕಿ ತಂದೆ. ಪೆಟ್ರೋಲಿನದು, ಏಳು ಕಿಲೋ ಹತ್ತಿರ. ಮನೆಗೆ ತಂದ ಮೇಲೆ ಲೆಕ್ಕ ಹಾಕಿದರೆ, ನನ್ನ ಅಂಗಳದ ಅಂಚು ಪೂರ್ತಿ ಸುತ್ತಿದರೂ ಅರವತ್ತು ಮೀಟರ್ ಇಲ್ಲ! ಇಪ್ಪತ್ತು ನಿಮಿಷದ ಕೆಲಸ. ಅದಕ್ಕೆ ಹತ್ತು ನಿಮಿಷ ಹಗ್ಗ ಜಗ್ಗಿ ಜಗ್ಗಿ ಸ್ಟಾರ್ಟ್ ಮಾಡಬೇಕು.

ಜಾಗ ಎಷ್ಟು ದೊಡ್ಡದು ಅಂತ ಯೋಚಿಸಿದ್ದೆ, ಅಂಚು ಎಷ್ಟು ಉದ್ದ ಅಂತ ಯೋಚಿಸಿರಲಿಲ್ಲ. ಮೂವರ್‌ಗೆ ಜಾಗದ ಲೆಕ್ಕ, ಟ್ರಿಮ್ಮರ್‌ಗೆ ಅಂಚಿನ ಲೆಕ್ಕ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಬೇಲಿ, ಗೋಡೆ, ಮರದ ಬುಡ ಎಲ್ಲ ಸುತ್ತಿ ಹೆಜ್ಜೆ ಎಣಿಸಿ. ನೂರು ಇನ್ನೂರು ಹೆಜ್ಜೆಯೊಳಗೆ ಮುಗಿದರೆ, ಮಾಮೂಲಿ ಹುಲ್ಲೇ ಆದರೆ, ಬ್ಯಾಟರಿಯದು ಧಾರಾಳ ಸಾಕು. ಎಕರೆಗಟ್ಟಲೆ ಜಾಗ, ಬೆರಳು ದಪ್ಪದ ಕಳೆ ಇದ್ದವರಿಗೆ ಮಾತ್ರ ಪೆಟ್ರೋಲಿನ ಸಹವಾಸ.

ಆ ಸಹವಾಸ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇನೆ. ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕು. ಪುಸ್ತಕದಲ್ಲಿ 50:1 ಅಂತಿದ್ದರೆ ಲೀಟರಿಗೆ 20 ಮಿಲಿ, 40:1 ಅಂತಿದ್ದರೆ 25 ಮಿಲಿ. ಬಂಕಿನಲ್ಲಿ ಸ್ಕೂಟರಿಗೆ ಎಣ್ಣೆ ಹಾಕಿಸಿ ಬೆಳೆದವನು ನಾನು, ನನಗೇನು ಹೇಳಿಕೊಡ್ತೀರಿ ಅನ್ನುವ ಗತ್ತು. ಅಂದಾಜಿನ ಮೇಲೆ ಸುರಿದೆ. ಅಂಗಳ ತುಂಬ ಹೊಗೆ, ಪ್ಲಗ್ಗಿಗೆ ಮಸಿ. ಆಮೇಲೆ ಚಳಿಗಾಲ ಬಂತು. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟು ಗ್ಯಾರೇಜಿನ ಮೂಲೆಗೆ ತಳ್ಳಿದೆ. ಐದು ತಿಂಗಳಾದ ಮೇಲೆ ತೆಗೆದರೆ ಕಾರ್ಬುರೇಟರ್ ಒಳಗೆಲ್ಲ ಅಂಟು. ತಿಂಗಳು ದಾಟಿದ ಪೆಟ್ರೋಲ್ ಹಾಕಬೇಡಿ. ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲುವ ತನಕ ಓಡಿಸಿ ಎತ್ತಿಡಿ.

ಎರಡನೆಯದು ಬ್ಯಾಟರಿಯದು. ಅಗ್ಗ ಅಂತ ತಂದೆ. ಮನೆಯಲ್ಲಿ ಆಗಲೇ ಒಂದು ಕಂಪನಿಯ ಡ್ರಿಲ್ ಇತ್ತು, ಅದರ ಬ್ಯಾಟರಿ ಎರಡಿದ್ದವು. ಇದು ಬೇರೆ ಕಂಪನಿ. ಅದರ ಬ್ಯಾಟರಿ ಇದಕ್ಕೆ ಕೂರುವುದಿಲ್ಲ, ಇದರದು ಅದಕ್ಕೆ ಕೂರುವುದಿಲ್ಲ. ಎರಡು ಚಾರ್ಜರ್, ಎರಡೂ ಕಡೆ ತಲೆನೋವು. ನಿಮ್ಮಲ್ಲಿ ಡ್ರಿಲ್ಲೋ ಗರಗಸವೋ ಇದ್ದರೆ ಅದೇ ಬ್ಯಾಟರಿ ಹಿಡಿಸುವ ಟ್ರಿಮ್ಮರನ್ನೇ ನೋಡಿ. ಬ್ಯಾಟರಿ ಇಲ್ಲದ ಬರೀ ಮಷಿನ್ ಕಡಿಮೆ ಬೆಲೆಗೆ ಸಿಗುತ್ತದೆ.

ಡಬ್ಬದ ಮೇಲಿನ ದೊಡ್ಡ ಅಂಕಿಗೂ ಮರುಳಾಗಬೇಡಿ. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್ ಎರಡೂ ಒಂದೇ. ಒಳಗೆ ಸಾಲಾಗಿ ಐದು ಸೆಲ್. ಒಂದೊಂದರದು ಸಾಮಾನ್ಯವಾಗಿ 3.6 ವೋಲ್ಟ್, ಫುಲ್ ಚಾರ್ಜ್ ಆದಾಗ ನಾಲ್ಕು ದಾಟುತ್ತದೆ. ಒಬ್ಬರು ಮೊದಲನೆಯದನ್ನು ಬರೀತಾರೆ, ಇನ್ನೊಬ್ಬರು ಎರಡನೆಯದನ್ನು, ಅಷ್ಟೇ. ನೀವು ವೋಲ್ಟನ್ನು ಆಂಪಿಯರ್ ಅವರ್‌ನಿಂದ (ಬ್ಯಾಟರಿ ಮೇಲೆ Ah ಅಂತ ಇರುವ ಅಂಕಿ) ಗುಣಿಸಿ. 18 ವೋಲ್ಟಿನ 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 72 ವ್ಯಾಟ್ ಅವರ್, 36 ವೋಲ್ಟಿನ 2.5ರಲ್ಲಿ 90. ಎಷ್ಟು ಹೊತ್ತು ಓಡುತ್ತದೆ ಅನ್ನುವುದಕ್ಕೆ ಈ ಅಂಕಿಯೇ ಆಧಾರ. ಇನ್ನೊಂದು ಮಾತು, ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್‌ಗೆ ಹಾಕಬಾರದು. ಮನೆಯೊಳಗೆ ತಂದಿಟ್ಟುಕೊಳ್ಳಿ.

ಕೋಲು ಬಾಗಿದ್ದೋ ನೇರದ್ದೋ? ಬಾಗಿದ್ದು ಹಗುರ, ಚಿಕ್ಕ ಅಂಗಳಕ್ಕೆ ಸಾಕು. ನೇರದ್ದು ಉದ್ದ, ಪೊದೆಯ ಕೆಳಗೂ ಕೈ ಚಾಚುತ್ತದೆ. ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿ, ಐದು ನಿಮಿಷ ಹಿಡಿದು ನಿಂತು ನೋಡಿ. ನಾಚಿಕೆ ಬೇಡ. ರಸೀದಿ ಇಟ್ಟುಕೊಳ್ಳಿ, ವಾರಂಟಿ ನೋಂದಾಯಿಸಿ, ಯಾವ ಹೊತ್ತಲ್ಲಿ ಸದ್ದು ಮಾಡಬಹುದು ಅಂತ ನಿಮ್ಮ ಊರಿನ ನಿಯಮ ನೋಡಿಕೊಳ್ಳಿ.

ಈಗ ದಾರ. ಅಂಗಳದ ಮೆತ್ತಗಿನ ಹುಲ್ಲಿಗೆ 1.6ರಿಂದ 2 ಮಿಲಿಮೀಟರ್ ಸಾಕು, ಒರಟು ಕಳೆಗೆ 2.4. ದಪ್ಪ ಇದ್ದಷ್ಟೂ ಒಳ್ಳೇದು ಅಂತಲ್ಲ, ಮೋಟಾರಿಗೆ ಅದನ್ನು ತಿರುಗಿಸುವ ಶಕ್ತಿ ಇರಬೇಕು. ದಾರ ಸುತ್ತುವ ಉರುಳೆ, ಅಂದರೆ ಸ್ಪೂಲ್ ಮೇಲೆ ಬಾಣದ ಗುರುತಿರುತ್ತದೆ, ಆ ದಿಕ್ಕಿಗೇ ಸುತ್ತಿ. ನಾನು ಉಲ್ಟಾ ಸುತ್ತಿ, ದಾರ ಈಚೆ ಬರುತ್ತಿಲ್ಲ ಅಂತ ಮಷಿನನ್ನು ನೆಲಕ್ಕೆ ಕುಟ್ಟಿದ್ದೇ ಕುಟ್ಟಿದ್ದು. ಹಳೇ ದಾರ ಪಟಪಟ ಮುರಿಯುತ್ತಿದ್ದರೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಬಾಗುವ ಗುಣ ತಿರುಗಿ ಪಡೆಯುತ್ತದೆ.

ನನಗೆ ಆಗ ಇದು ಗೊತ್ತಿರಲಿಲ್ಲ. ದಾರ ಬೇಲಿಗೆ ತಾಗಿ ತಾಗಿ ತುಂಡಾಗುತ್ತಿತ್ತು. ಸಿಟ್ಟು ಬಂತು. ಡಬ್ಬದಲ್ಲಿ ಒಂದು ಸುರುಳಿ ಬೈಂಡಿಂಗ್ ವೈರ್ ಇತ್ತು. ನಮ್ಮವರ ಬುದ್ಧಿ ಗೊತ್ತಲ್ವಾ, ಇದ್ದದ್ದರಲ್ಲೇ ಹೇಗೋ ಮಾಡುವುದು. ವೈರ್ ತುಂಡು ಮಾಡಿ ತೂತಿಗೆ ಪೋಣಿಸುತ್ತಿದ್ದೆ. ಬೇಲಿಯ ಆಚೆಯಿಂದ ಪಕ್ಕದ ಮನೆಯ ಮುದುಕರು ಕೂಗಿಕೊಂಡರು. ತಂತಿ ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಎಲ್ಲಿಗೆ ಹೋಗಿ ನೆಡುತ್ತದೋ ಹೇಳಲಾಗದು. ಅವರು ಒಳಗೆ ಹೋಗಿ ತಮ್ಮದೇ ದಾರದ ಸುರುಳಿ ತಂದು ಕೊಟ್ಟರು, ಸುತ್ತುವುದನ್ನೂ ತೋರಿಸಿದರು. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜಾರ್ಜ್ ಬಲ್ಲಾಸ್ ಎಂಬಾತನಿಗೆ ಕಾರು ತೊಳೆಯುವ ಕಡೆ ತಿರುಗುವ ಬ್ರಷ್ ನೋಡಿ ದಾರದಿಂದ ಹುಲ್ಲು ಹೊಡೆಯುವ ಈ ಉಪಾಯ ಹೊಳೆಯಿತಂತೆ. ತಗಡಿನ ಡಬ್ಬಕ್ಕೆ ಮೀನು ಹಿಡಿಯುವ ದಾರ ಕಟ್ಟಿ ತಿರುಗಿಸಿದನಂತೆ. ಕತೆ ಹೇಳಿದ್ದೂ ಅವರೇ. ಅದಕ್ಕೂ ಮುಂಚೆ ಒಂದು ವರ್ಷದಲ್ಲಿ ನಮ್ಮಿಬ್ಬರ ಮಾತು ಹಲೋ ದಾಟಿರಲಿಲ್ಲ.

ಚಪ್ಪಲಿಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ನಾವೆಲ್ಲ ಇಳಿಯುತ್ತೇವೆ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಎಡಗಾಲಿನ ಹರಡಿನ ಮೇಲೆ ಕಲ್ಲು ಹೊಡೆದ ಗುರುತು ಇನ್ನೂ ಇದೆ. ಶೂ, ಉದ್ದ ಪ್ಯಾಂಟು, ಕಣ್ಣಿಗೆ ಗಾಗಲ್, ಪೆಟ್ರೋಲಿನದಾದರೆ ಕಿವಿಗೂ ಏನಾದರೂ. ಕೆಳಗಿನ ಪ್ಲಾಸ್ಟಿಕ್ ಗಾರ್ಡ್ ಬಿಚ್ಚಬೇಡಿ. ಮಕ್ಕಳು ಹದಿನೈದು ಮೀಟರ್ ದೂರ ಇರಲಿ, ಅಥವಾ ಮನೆಯೊಳಗೇ ಇರಲಿ.

ಮಗಳ ಸಸಿಯ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆದುಬಿಡುತ್ತೇನೆ. ಶಾಲೆಯಿಂದ ಹೆಬ್ಬೆರಳು ದಪ್ಪದ ಸಸಿ ತಂದು ಅವಳೇ ಗುಂಡಿ ತೋಡಿ ನೆಟ್ಟಿದ್ದಳು. ಬುಡ ಚೊಕ್ಕಟವಾಗಿರಲಿ ಅಂತ ನಾನು ಎರಡು ವಾರಕ್ಕೊಮ್ಮೆ ಅದರ ಸುತ್ತ ಟ್ರಿಮ್ಮರ್ ಹಿಡಿದೆ. ದಾರ ಸವರಿದಾಗ ಸಿಪ್ಪೆ ಸ್ವಲ್ಪ ಏಳುತ್ತಿತ್ತು. ಅದರಿಂದ ಏನಾಗುತ್ತೆ ಅಂದುಕೊಂಡೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ಸಿಪ್ಪೆಯ ಒಳಮೈಯಿಂದ. ಸುತ್ತಲೂ ಕಿತ್ತುಹೋದರೆ ಬೇರು ಉಪವಾಸ. ಮುಂದಿನ ವಸಂತದಲ್ಲಿ ಅದು ಚಿಗುರಲಿಲ್ಲ. ಮಗಳು ಬುಡದ ಗಾಯದ ಮೇಲೆ ಬೆರಳು ಆಡಿಸಿ, "ಅಪ್ಪಾ, ಇದನ್ನ ಯಾವುದೋ ಪ್ರಾಣಿ ಕಚ್ಚಿದೆ" ಅಂದಳು. ನಾನು ಹೂಂ ಅಂದೆ.

ಅಜ್ಜ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತು ಹುಲ್ಲು ಕೊಯ್ಯುತ್ತಿದ್ದರು. ಇದು ಗರಿಕೆ, ಇದು ತುಂಬೆ, ಇದನ್ನು ಬಿಡು, ಅದನ್ನು ಹಸುವಿಗೆ ಹಾಕು ಅನ್ನುತ್ತಿದ್ದರು. ನಾನು ಈ ಅಂಗಳದಲ್ಲಿ ಹದಿನಾಲ್ಕು ವರ್ಷದಿಂದ ಏನನ್ನು ಕತ್ತರಿಸುತ್ತಿದ್ದೇನೋ, ಅದರ ಹೆಸರು ನನಗೆ ಗೊತ್ತಿಲ್ಲ. ಎಲ್ಲವೂ ಕಳೆಯೇ. ಮಗಳಿಗೆ ಗೊತ್ತು, ಶಾಲೆಯಲ್ಲಿ ಕಲಿತಿದ್ದಾಳೆ. ಅವಳಿಗೆ ತುಂಬೆ ಗೊತ್ತಿಲ್ಲ.

ಎರಡನೇ ಸಸಿ ನೆಟ್ಟಾಗ ಬುಡದ ಸುತ್ತ ಒಂದು ಮೊಳ ಜಾಗ ಬಿಟ್ಟು ಮರದ ಚಕ್ಕೆ ಹರಡಿದೆ, ಚಕ್ಕೆ ಕಾಂಡಕ್ಕೆ ತಾಗದ ಹಾಗೆ. ನೀವೂ ಹಾಗೇ ಮಾಡಿ, ಆ ವರ್ತುಲದೊಳಗೆ ಟ್ರಿಮ್ಮರ್ ಬೇಡ. ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು. ಚಕ್ಕೆಯ ನಡುವೆ ಎದ್ದ ಹುಲ್ಲನ್ನು ದಿನಾ ಬೆಳಿಗ್ಗೆ ಕೂತು ಕೈಯಲ್ಲೇ ಕೀಳುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಒಂದೊಂದರ ಹೆಸರು ಹೇಳುತ್ತಿದ್ದಳು. ಅಮ್ಮನಿಗೆ ಒಂದೂ ನಾಲಿಗೆಗೆ ತಿರುಗುತ್ತಿರಲಿಲ್ಲ. ಹೋಗಲಿ ಬಿಡು ಅಂತ ಅವರೇ ಎಲ್ಲಕ್ಕೂ ಹೆಸರಿಟ್ಟರು. ಹಳದಿ ಹೂವಿನದಕ್ಕೆ "ಹಠಮಾರಿ" ಅಂತ. ಕಿತ್ತಷ್ಟೂ ಬರುತ್ತದಲ್ಲ, ಅದಕ್ಕೆ. ಈಗ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು.