ಚಿಲ್ಲರ್ ಇಲ್ಲದೆ ಮೂರಡಿ ಸಮುದ್ರ

"ಏಪ್ರಿಲ್ ಬರಲಿ ಸಾರ್, ಆಮೇಲೆ ಮಾತಾಡೋಣ" ಎಂದಿದ್ದರು ಅಕ್ವೇರಿಯಂ ಅಂಗಡಿಯವರು, ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಬೇಡ ಎಂದಾಗ. ಬೆಂಗಳೂರಿನ ಎರಡು ಏಪ್ರಿಲ್ ಬಂದು ಹೋದವು. ಸಮುದ್ರ ಮೀನಿನ ಉಪ್ಪುನೀರಿನ ಟ್ಯಾಂಕು ಹಾಲ್‌ನಲ್ಲಿ ಹಾಗೇ ಇದೆ. ಚಿಲ್ಲರ್ ಇಲ್ಲ. ತಿಂಗಳಿಗೆ ಹೆಚ್ಚುಕಮ್ಮಿ 32 ಯೂನಿಟ್ ಕರೆಂಟ್ ತಿನ್ನುತ್ತದೆ, ಅಷ್ಟೇ. ಚಳಿಗಾಲದಲ್ಲಿ ಹೀಟರ್ ಸೇರಿ 45ರ ತನಕ ಹೋಗುತ್ತದೆ.

ಅಳತೆ ಮೊದಲೇ ಹೇಳಿಬಿಡುತ್ತೇನೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಎತ್ತರ. ಕಲ್ಲು, ಮರಳು ಕಳೆದರೆ ನೀರು 150 ಲೀಟರ್ ಇರಬಹುದು. ಮೂರನೇ ಮಹಡಿಯ ಫ್ಲ್ಯಾಟ್. ಭಾರ ಜಾಸ್ತಿ ಆಗುತ್ತದೆ ಎಂದು ಅಸೋಸಿಯೇಶನ್‌ನವರು ತಕರಾರು ತೆಗೆದಿದ್ದರು. ಬೀಮ್ ಇರುವ ಗೋಡೆಗೆ ಒತ್ತಿ ಇಟ್ಟು ತೋರಿಸಿದ ಮೇಲೆ ಸುಮ್ಮನಾದರು.

ಇದಕ್ಕೂ ಮೊದಲು ಇದೇ ಅಳತೆಯ ಟ್ಯಾಂಕಿಗೆ ಎಲ್ಲರೂ ಹೇಳಿದ್ದನ್ನೆಲ್ಲ ಹಾಕಿದ್ದೆ. ಟಿ5 ಟ್ಯೂಬ್‌ಲೈಟ್ ನಾಲ್ಕು, ಕೆಳಗೆ ಕ್ಯಾಬಿನೆಟ್‌ನಲ್ಲಿ ಸಂಪ್ (ನೀರು ಶುದ್ಧವಾಗುವ ಎರಡನೇ ತೊಟ್ಟಿ), ಅಲ್ಲಿಂದ ನೀರು ಮೇಲೆತ್ತುವ 60 ವಾಟ್ಸ್‌ನ ರಿಟರ್ನ್ ಪಂಪ್, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ಚಿಲ್ಲರ್. ಒಟ್ಟು ಒಂದು ಲಕ್ಷದ ಮೇಲೆ ಖರ್ಚು. ದಿನಕ್ಕೆ 6 ಯೂನಿಟ್ ಎಳೆಯುತ್ತಿತ್ತು. ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ 121 ಯೂನಿಟ್ ಸಿಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಗೊತ್ತಲ್ಲ. ಆ ಬೇಸಿಗೆಯಲ್ಲಿ ಮೀಟರ್ 290ಕ್ಕೆ ಹೋಯಿತು. ಸೊನ್ನೆ ಇದ್ದ ಬಿಲ್ ಎರಡು ಸಾವಿರದ ಹತ್ತಿರ ಬಂತು. ಅದರ ಮೇಲೆ ಚಿಲ್ಲರ್ ಹೊರಗೆ ಬಿಡುವ ಬಿಸಿ ಗಾಳಿಗೆ ಹಾಲ್‌ನಲ್ಲಿ ಕೂರುವ ಹಾಗಿರಲಿಲ್ಲ. ನೀರು ತಣ್ಣಗೆ ಮಾಡಲು ಮನೆ ಬಿಸಿ ಮಾಡುತ್ತಿದ್ದೆ. ಕೊನೆಗೆ ಚಿಲ್ಲರನ್ನು 14 ಸಾವಿರಕ್ಕೆ ಮಾರಿದೆ.

ಆಮೇಲೆ ಊರಿಗೆ ಹೋದಾಗ ವಿಚಾರ ಬದಲಾಯಿತು. ನಮ್ಮದು ಮಲ್ಪೆ ಕಡೆ. ಇಳಿತದ ಹೊತ್ತಿಗೆ ಕಾಪು ಬೀಚಿನ ಬಂಡೆಗಳ ನಡುವೆ ನಿಂತ ನೀರಿನ ಗುಂಡಿಗಳನ್ನು ನೋಡಿದ್ದೀರಲ್ಲ? ಕಪ್ಪು ಕಲ್ಲು, ಅದರ ಮೇಲೆ ಹಸಿರು, ಕೆಂಗಂದು ಪಾಚಿ, ಸಂದಿಯಿಂದ ಇಣುಕುವ ಪುಟ್ಟ ಮೀನು. ನನಗೆ ಬೇಕಿದ್ದದ್ದು ಇದೇ ಅನಿಸಿತು. ಹವಳದ ತೋಟ ನಮ್ಮ ಮನೆಯಲ್ಲಿ ಯಾಕೆ? ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಶೆಡ್ಯೂಲಿನಲ್ಲಿದೆ. ನಮ್ಮ ಸಮುದ್ರದಿಂದ ಕಿತ್ತು ತಂದ ಹವಳವಾಗಲಿ, ಹವಳದ ಲೈವ್ ರಾಕ್ (ಜೀವಿಗಳು ಅಂಟಿದ ಕಲ್ಲು) ಆಗಲಿ ಯಾರು ಕೊಟ್ಟರೂ ಮುಟ್ಟಬೇಡಿ. ಕಲ್ಲುಗುಂಡಿಯ ಜೀವಿಗಳಿಗೆ ಅಷ್ಟು ಬೆಳಕೂ ಬೇಡ, ತಾಪ ಒಂದೆರಡು ಡಿಗ್ರಿ ಏರಿಳಿದರೂ ತಡೆದುಕೊಳ್ಳುತ್ತವೆ. ಅಲ್ಲೇ ಅರ್ಧ ಕರೆಂಟ್ ಉಳಿಯಿತು.

ಕಲ್ಲು ನಾನೇ ಮಾಡಿದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಐದಾರು ಮುಖದ ಕಲ್ಲಿನ ಕಂಬಗಳಿವೆಯಲ್ಲ, ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಅಲ್ಲಿಂದ ಒಂದು ಚೂರೂ ತರಬಾರದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾನು ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟ್ ಮಡಚಿ ಆರು ಮೂಲೆಯ ಅಚ್ಚು ಮಾಡಿಕೊಂಡೆ. ಬಿಳಿ ಸಿಮೆಂಟ್ ಒಂದು ಪಾಲು, ಚಿಪ್ಪಿನ ಪುಡಿ ಮೂರು ಪಾಲು, ಕಲ್ಲುಪ್ಪು ಒಂದು ಪಾಲು, ಜೊತೆಗೆ ಕಪ್ಪು ಆಕ್ಸೈಡ್. ಅಮ್ಮ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದಾಗಲೆಲ್ಲ ಚಿಪ್ಪು ತೊಳೆದು ಒಣಗಿಸಿ ಇಡುತ್ತಿದ್ದರು, ಎರಡು ಗೋಣಿ ಆಯಿತು. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಉಪ್ಪು ಕರಗಿ ಒಳಗೆಲ್ಲ ತೂತು ಉಳಿಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೇ ಮನೆ. ಮೇಲ್ಮೈ ಒಡೆದ ಬಂಡೆಯ ಹಾಗೆ ಕಾಣಲು ಅಚ್ಚು ಬಿಚ್ಚುವ ಹೊತ್ತಿಗೆ ಒಂದು ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ನೋಡಿದವರೆಲ್ಲ ನಿಜವಾದ ಕಲ್ಲು ಅಂದುಕೊಂಡೇ ಮುಟ್ಟುತ್ತಾರೆ.

ಮೊದಲ ಕಂತು ಪೂರ್ತಿ ಹಾಳಾಯಿತು. ಹತ್ತು ದಿನ ನೆನೆಸಿ ಸಾಕು ಅಂದುಕೊಂಡು ಟ್ಯಾಂಕಿಗೆ ಇಳಿಸಿದೆ. ಸಿಮೆಂಟಿನ ಸುಣ್ಣ ಬಿಡುತ್ತಲೇ ಇತ್ತು. ನೀರಿನ ಕ್ಷಾರ ತೋರಿಸುವ ಪಿಎಚ್ 9.4ಕ್ಕೆ ಏರಿತು. ಬಸವನಹುಳುಗಳು ಒಂದೂ ಉಳಿಯಲಿಲ್ಲ. ಆ ಬೆಳಿಗ್ಗೆ ಗಾಜಿನ ಕೆಳಗೆ ಅವು ಸಾಲಾಗಿ ಉದುರಿ ಬಿದ್ದದ್ದು ಇವತ್ತಿಗೂ ಕಣ್ಣ ಮುಂದಿದೆ. ಎರಡನೇ ಕಂತನ್ನು ತಾರಸಿಯ ಡ್ರಮ್ಮಿನಲ್ಲಿ ಏಳು ವಾರ ನೆನೆಸಿದೆ, ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿದೆ. ನೀರು ಬದಲಿಸಿ ಮೂರು ದಿನ ಬಿಟ್ಟರೂ ಪಿಎಚ್ 8.3 ದಾಟದಿದ್ದರೆ ಮಾತ್ರ ಒಳಗೆ. ಇದರಲ್ಲಿ ಅವಸರ ಮಾಡಬೇಡಿ.

ಈಗ ಪಂಪ್ ವಿಷಯ. ಕರೆಂಟ್ ಉಳಿತಾಯದ ಇನ್ನೊಂದು ದೊಡ್ಡ ಗುಟ್ಟು ಇಲ್ಲಿದೆ, ಆದರೆ ಯಾರೂ ಲಕ್ಷ್ಯ ಕೊಡುವುದಿಲ್ಲ. ಸಂಪ್ ಕೆಳಗಿದ್ದರೆ ಪಂಪ್ ದಿನದ 24 ಗಂಟೆ ನೀರನ್ನು ನಾಲ್ಕಡಿ ಎತ್ತುತ್ತಲೇ ಇರಬೇಕು. ನಾನು ಸಂಪ್ ಅನ್ನು ಟ್ಯಾಂಕಿನ ಪಕ್ಕದಲ್ಲೇ, ಹೆಚ್ಚುಕಮ್ಮಿ ಅದೇ ಮಟ್ಟದಲ್ಲಿ, ಪುಸ್ತಕದ ಕಪಾಟಿನ ಒಳಗೆ ಕೂರಿಸಿದೆ. ಎತ್ತಬೇಕಾದದ್ದು ಆರೇಳು ಇಂಚು ಮಾತ್ರ. 12 ವೋಲ್ಟ್ ಡಿಸಿ ಪಂಪ್, 9 ವಾಟ್ಸ್. ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಫ್ಯಾನ್) ಇನ್ನೊಂದು 8. ಎರಡೂ ಡಿಸಿ ಆದ್ದರಿಂದ ಹಳೇ ಯುಪಿಎಸ್‌ನ 7 ಎಎಚ್ ಬ್ಯಾಟರಿ ನೇರ ಜೋಡಿಸಿದ್ದೇನೆ. ಕರೆಂಟ್ ಹೋದರೆ ವೇವ್‌ಮೇಕರ್ ಒಂದೇ ಐದಾರು ಗಂಟೆ ಓಡುತ್ತದೆ. ಎಲ್‌ಇಡಿ 60 ವಾಟ್ಸ್ ಅಂತ ಬರೆದಿದೆ, ನಾನು ಓಡಿಸುವುದು ಮುಕ್ಕಾಲಿನಷ್ಟು, ಎಂಟು ಗಂಟೆ.

ತಂಪಿಗೆ ಎರಡು ಕಂಪ್ಯೂಟರ್ ಫ್ಯಾನ್. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುತ್ತವೆ, ಎರಡೂ ಸೇರಿ 5 ವಾಟ್ಸ್. ನಮ್ಮ ಬೇಸಿಗೆ ಮಧ್ಯಾಹ್ನದ ಗಾಳಿ ಒಣಗಿರುತ್ತದೆ, ಹಾಗಾಗಿ ಇದು ನಡೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇಷ್ಟು ನಡೆಯುವುದಿಲ್ಲ. ದಿನಕ್ಕೆ ಮೂರು ಲೀಟರ್ ಆವಿಯಾದರೆ ಸುಮಾರು ಎರಡು ಯೂನಿಟ್‌ನಷ್ಟು ಶಾಖ ಹೊರಗೆ ಹೋದ ಹಾಗೆ. ಲೆಕ್ಕ ಹಾಕಿ ನೋಡಿದಾಗ ನನಗೇ ಖುಷಿಯಾಯಿತು. ಏಪ್ರಿಲ್‌ನಲ್ಲಿ ಕೋಣೆ 32 ಇದ್ದಾಗ ನೀರು 27, ಹೆಚ್ಚೆಂದರೆ 27.5. ಚಳಿಗಾಲಕ್ಕೆ ಹಿಂದೆ, ಪಕ್ಕ, ಅಡಿಗೆ ಥರ್ಮಾಕೋಲ್ ಹಾಕಿ ಕಪ್ಪು ಶೀಟ್ ಮುಚ್ಚಿದ್ದೇನೆ.

ಆವಿಯಾದಷ್ಟು ಸಿಹಿನೀರು ತುಂಬಲು ಫ್ಲೋಟ್ ಸ್ವಿಚ್ ಇಟ್ಟಿದ್ದೆ. ಒಂದು ರಾತ್ರಿ ಬಸವನಹುಳು ಅದರ ಮೇಲೆ ಹತ್ತಿ ಕೂತಿತು. 20 ಲೀಟರ್ ಆರ್‌ಒ ನೀರು ಪೂರ್ತಿ ಒಳಗೆ, ಒಂದಷ್ಟು ಸೋಫಾದ ಕೆಳಗೆ. ನೀರಿನ ಉಪ್ಪು ತೋರಿಸುವ ಸಾಂದ್ರತೆ 1.025 ಇದ್ದದ್ದು 1.022ಕ್ಕೆ ಇಳಿಯಿತು. ಈಗ ಫ್ಲೋಟ್ ಸುತ್ತ ಜಾಲರಿ ಇದೆ, ಟಾಪ್-ಅಪ್ ಡಬ್ಬಿ 5 ಲೀಟರಿನದು. ಕೈಕೊಟ್ಟರೂ ದೊಡ್ಡ ಅನಾಹುತ ಆಗುವುದಿಲ್ಲ.

ಊರಿನಿಂದ ಸಮುದ್ರದ ನೀರು ತರುವ ಪ್ರಯೋಗವೂ ಆಗಿದೆ. ಕಾರಿನಲ್ಲಿ ಎಂಟು ಕ್ಯಾನ್. ಜನವರಿಯದ್ದು ಚೆನ್ನಾಗಿತ್ತು, ಎರಡು ವಾರ ಕತ್ತಲಲ್ಲಿಟ್ಟು ಬಳಸಿದೆ. ಜೂನ್ ಕೊನೆಯದ್ದು ಕಂದು ಬಣ್ಣ, ಸಾಂದ್ರತೆ 1.017. ಹೊಳೆಗಳೆಲ್ಲ ತುಂಬಿ ಬರುವ ಕಾಲ, ಬೇರೇನಾಗುತ್ತದೆ? ಡೀಸೆಲ್ ಖರ್ಚು ನೋಡಿದರೆ ಅಕ್ವೇರಿಯಂ ಉಪ್ಪಿನ ಪ್ಯಾಕೆಟ್ಟೇ ಅಗ್ಗ. ಆರ್‌ಒ ಬಿಡುವ ನೀರು ನೆಲ ಒರೆಸಲು ಹೋಗುತ್ತದೆ.

ಇನ್ನೊಂದು ಪ್ರಯೋಗ ಮಣ್ಣಿನ ಹೂಜಿ. ಇಪ್ಪತ್ತಡಿ ಸಿಲಿಕಾನ್ ಟ್ಯೂಬ್ ಸುರುಳಿ ಮಾಡಿ ಹೂಜಿಯ ತಂಪು ನೀರಿನೊಳಗಿಟ್ಟು ಟ್ಯಾಂಕಿನ ನೀರು ಹಾಯಿಸಿದೆ. ಅರ್ಧ ಡಿಗ್ರಿ ಇಳಿಯಿತು, ಪಂಪಿಗೆ 6 ವಾಟ್ಸ್ ಹೋಯಿತು. ಫ್ಯಾನ್ ಮುಂದೆ ಇದು ನಿಲ್ಲಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬೀಜ ಮಾತ್ರ ಗೆದ್ದಿತು. ಹಿನ್ನೀರಿನಲ್ಲಿ ತೇಲಿ ದಡಕ್ಕೆ ಬಂದಿದ್ದ ಎರಡನ್ನು ತಂದು ಸಂಪ್‌ನಲ್ಲಿ ನಿಲ್ಲಿಸಿದೆ. ಒಂದೂವರೆ ವರ್ಷಕ್ಕೆ ಎಂಟು ಎಲೆ. ಮೀನಿನ ಕಸದಿಂದ ನೀರಿಗೆ ಸೇರುವ ನೈಟ್ರೇಟ್ ಎಳೆಯುವುದು ಕಮ್ಮಿಯೇ, ಆದರೆ ಕಪಾಟಿನ ಮೇಲಿಂದ ಹಸಿರು ಚಾಚಿ ನಿಂತಾಗ ಹಾಲ್‌ಗೆ ಒಂದು ಕಳೆ ಬರುತ್ತದೆ. ಎಲೆಗೆ ವಾರಕ್ಕೆರಡು ಸಲ ಸಿಹಿನೀರು ಚಿಮುಕಿಸಿ.

ನೈಟ್ರೇಟ್ ಎಳೆಯಲು ಕಾಲರ್ಪಾ ಎಂಬ ಪಾಚಿ ನಂಬಿ ಕೆಟ್ಟೆ. ಎರಡು ತಿಂಗಳು ದಟ್ಟವಾಗಿ ಬೆಳೆಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗಿದೆ. ಎಲೆಗಳೆಲ್ಲ ಬಣ್ಣ ಕಳೆದುಕೊಂಡು ಗಾಜಿನ ಕಾಗದದಂತೆ ನಿಂತಿವೆ. ಬೆರಳಲ್ಲಿ ಮುಟ್ಟಿದರೆ ಕರಗಿ ಹೋಗುತ್ತಿತ್ತು. ಸಂತಾನಕ್ಕೆ ತನ್ನೊಳಗಿದ್ದದ್ದನ್ನೆಲ್ಲ ನೀರಿಗೆ ಬಿಟ್ಟು ಅದು ಸತ್ತಿತ್ತು. ಕೈಯಲ್ಲಿದ್ದ ಏರ್ ಪಂಪ್ ಎಲ್ಲ ಹಾಕಿ, ಒಂದೇ ದಿನ 60 ಲೀಟರ್ ಬದಲಿಸಿ ಮೀನು ಉಳಿಸಿಕೊಂಡೆ. ಈಗ ಸಂಪ್‌ನಲ್ಲಿ ಕೀಟೋ ಎಂಬ ದಾರದಂಥ ಪಾಚಿ, ಅದಕ್ಕೆ ರಾತ್ರಿಯಲ್ಲಿ ಹತ್ತು ಗಂಟೆ ಕಾಲ 9 ವಾಟ್ಸ್ ಬಲ್ಬ್. ಎದುರಿನ ಟ್ಯಾಂಕಿನಲ್ಲಿ ಗ್ರಾಸಿಲೇರಿಯಾ ಎಂಬ ಕೆಂಪು ಪಾಚಿ. ತಿಂಗಳಿಗೆ ಎರಡು ಹಿಡಿ ಕೀಟೋ ಕಿತ್ತು ಎಸೆಯುತ್ತೇನೆ. ನೈಟ್ರೇಟ್ 5ರಿಂದ 10ರೊಳಗೆ ನಿಂತಿದೆ, ಸ್ಕಿಮ್ಮರ್ ತೆಗೆದೇ ವರ್ಷ ಆಯಿತು.

ಮೀನು ಕಮ್ಮಿ ಇಡಿ. ನನ್ನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಎರಡು ಕ್ಲೀನರ್ ಸೀಗಡಿ. ಕ್ಲೌನ್ ಎರಡೂ ಹ್ಯಾಚರಿಯಲ್ಲಿ ಹುಟ್ಟಿದವು. ಇವುಗಳ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿಎಂಎಫ್‌ಆರ್‌ಐನವರೇ ರೂಢಿಗೆ ತಂದಿದ್ದಾರೆ. ಹಾಗಿರುವಾಗ ಸಮುದ್ರದಿಂದ ಹಿಡಿದದ್ದು ಯಾಕೆ ಬೇಕು?

ಹೊಸದಕ್ಕೆ ಒಟ್ಟು ಖರ್ಚು 38 ಸಾವಿರದ ಆಸುಪಾಸು, ಗಾಜಿಗೇ 11 ಹೋಯಿತು. ಮನೆಯ ಮೀಟರ್ 140-150ರಲ್ಲಿ ನಿಲ್ಲುತ್ತದೆ, 121ರ ಮೇಲಿನದ್ದಕ್ಕಷ್ಟೇ ದುಡ್ಡು. ಹೋದ ತಿಂಗಳು ಕ್ಲೌನ್ ಜೋಡಿ ಎಡಗಡೆಯ ಕುಳ್ಳ ಕಂಬದ ಬುಡ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸಿತು. ಗಂಡು ಇಡೀ ದಿನ ರೆಕ್ಕೆ ಬೀಸುತ್ತಾ ಕಾಯುತ್ತಿತ್ತು. ಅಂಗಡಿಯವರಿಗೆ ಫೋಟೋ ಕಳಿಸಿದೆ. "ಆ ಕಲ್ಲು ಎಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದರು. ಅವರಿಗೂ ಸೇರಿಸಿ ಹನ್ನೆರಡು ಕಂಬ ತಾರಸಿಯಲ್ಲಿ ನೆನೆಯುತ್ತಿವೆ. ಇವತ್ತು ಬೆಳಿಗ್ಗೆ ಪಿಎಚ್ 8.9 ಇತ್ತು, ಇನ್ನೂ ಮೂರು ವಾರ ಬೇಕು.