ತಾಲೂಕಿನ ಚರಿತ್ರೆ ಬರೆಯಹೊರಟವರಿಗೆ: ಉತ್ತರ ಕನ್ನಡದಲ್ಲಿ ದಾಖಲೆ ಹುಡುಕುವ ಬಗೆ

ನಮ್ಮ ಜಿಲ್ಲೆಯಲ್ಲಿ ತಮ್ಮ ತಾಲೂಕಿನ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಕದಂಬರಿಂದ ಆರಂಭಿಸಿ, ಬನವಾಸಿಯನ್ನು ನಾಲ್ಕು ಪುಟ ವರ್ಣಿಸಿ, ಅಲ್ಲಿಂದ ನೇರವಾಗಿ 1956ಕ್ಕೆ ಹಾರಿಬಿಡುತ್ತಾರೆ. ಇಂದಿನ ತಾಲೂಕು, ಜಿಲ್ಲೆಗಳ ಗಡಿಗಳು ರೂಪುಗೊಂಡದ್ದು ಬಹುಪಾಲು ಈ ಬಿಟ್ಟುಹೋದ ಕಾಲದಲ್ಲಿಯೇ. ಆದ್ದರಿಂದ ಬರವಣಿಗೆಗೆ ಕೈ ಹಾಕುವ ಮುಂಚೆ, ನಿಮ್ಮ ಊರು ಯಾವ ಇಸವಿಯಲ್ಲಿ ಯಾರ ಆಡಳಿತಕ್ಕೆ ಸೇರಿತ್ತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಕಾಗದಪತ್ರಗಳು ಊರಿನಲ್ಲಿ ಉಳಿಯುವುದಿಲ್ಲ, ಆಳಿದವರ ಬೆನ್ನು ಹತ್ತಿ ಹೋಗುತ್ತವೆ.

1763ರಲ್ಲಿ ಹೈದರಾಲಿ ಬರುವವರೆಗೆ ಶಿರಸಿ, ಯಲ್ಲಾಪುರ, ಕಾರವಾರದ ಸೀಮೆ ಸೋದೆಯ ನಾಯಕರದು. ಹೊನ್ನಾವರ, ಭಟ್ಕಳದ ಕಡೆ ಕೆಳದಿಯವರದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಕರಾವಳಿ ಕಂಪನಿಯ ಕೆನರಾ ಜಿಲ್ಲೆಯಾಗಿ, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾಗಿ ಬಂದನು, ಆಡಳಿತ ಮದರಾಸಿನದು. 1860ರ ಹೊತ್ತಿಗೆ ಕೆನರಾವನ್ನು ಉತ್ತರ, ದಕ್ಷಿಣವೆಂದು ಒಡೆದರು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ವ್ಯಾಪಾರಿಗಳ ಒತ್ತಾಯ ಬಲವಾಗಿದ್ದ ಕಾಲ ಅದು. 1862ರಲ್ಲಿ ಕುಂದಾಪುರವನ್ನು ಮಾತ್ರ ದಕ್ಷಿಣಕ್ಕೆ ಬಿಟ್ಟು ಉಳಿದ ಉತ್ತರ ಕೆನರಾವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ಘಟ್ಟದ ಮೇಲಿನ ಹತ್ತಿ ನಮ್ಮ ಕರಾವಳಿಯ ಗಡಿ ಬರೆಯುವುದರಲ್ಲಿ ಕೈಯಾಡಿಸಿತೆಂಬುದು ನನಗೆ ಈಗಲೂ ಸೋಜಿಗ.

ಈ ಹಾಳೆ ಇಲ್ಲದೆ ಹೊರಟರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ. 1840ರ ಸುಮಾರಿನ ಭೂಕಂದಾಯದ ಪತ್ರವ್ಯವಹಾರಕ್ಕಾಗಿ ಮುಂಬೈಯ ಪತ್ರಾಗಾರದಲ್ಲಿ ಎರಡು ದಿನ ಸೂಚಿಗಳನ್ನು ತಿರುವಿಹಾಕಿದೆ. ಆಗ ನಮ್ಮೂರಿನ ಸರ್ಕಾರ ಮದರಾಸಿನಲ್ಲಿತ್ತು, ಹುಡುಕಬೇಕಾದದ್ದು ಚೆನ್ನೈಯಲ್ಲಿ ಎಂಬುದು ಹೊಳೆದದ್ದು ಮರಳುವ ರೈಲಿನಲ್ಲಿ. ಸೋದೆಯ ಅರಸರ ವಿಷಯವಾದರೆ ಪಣಜಿಯನ್ನೂ ನೋಡಬೇಕು. ರಾಜ್ಯ ಕಳೆದುಕೊಂಡ ಮೇಲೆ ಅವರು ಆಶ್ರಯ ಪಡೆದದ್ದು ಪೋರ್ಚುಗೀಸರ ಗೋವೆಯಲ್ಲಿ.

ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುವ ಖರೀದಿ ಪತ್ರಗಳ ತೇದಿಯನ್ನು ಓದುವುದರಲ್ಲಿ ಅವಸರ ಸಲ್ಲದು. ‘ಶಾಲಿವಾಹನ ಶಕ 1732, ಪ್ರಮೋದೂತ ಸಂವತ್ಸರ’ ಎಂದಿದ್ದರೆ 78 ಕೂಡಿಸಿ 1810 ಎನ್ನುತ್ತೇವೆ. ಆದರೆ ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುವುದರಿಂದ 79 ಕೂಡಿಸಿ 1811 ಎನ್ನಬೇಕು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಶಕವರ್ಷವಿಲ್ಲದೆ ಬರಿಯ ‘ಪ್ರಮೋದೂತ’ ಎಂದಿದ್ದರೆ ಅದು 1810 ಆಗಬಹುದು, 1870 ಆಗಬಹುದು, 1930 ಕೂಡ ಆಗಬಹುದು. ಆಗ ಕಾಗದ, ಅದರ ಮೇಲಿನ ಮುದ್ರೆ, ಹಣದ ಲೆಕ್ಕ ವರಹದಲ್ಲಿದೆಯೋ ರೂಪಾಯಿಯಲ್ಲಿದೆಯೋ ಎಂಬುದನ್ನು ನೋಡಿ ನಿರ್ಧರಿಸಬೇಕು. ಶಕವೂ ಸಂವತ್ಸರವೂ ಒಂದಕ್ಕೊಂದು ತಾಳೆಯಾಗದಿದ್ದರೆ, ಅದು ಮುಂದೆ ಯಾರೋ ನಕಲು ಮಾಡಿದ ಪ್ರತಿಯಾಗಿರಬಹುದೆಂಬ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಅಚ್ಚಾದ ಆಕರಗಳಲ್ಲಿ 1883ರ ಮುಂಬೈ ಗೆಜೆಟಿಯರಿನ ಕೆನರಾ ಸಂಪುಟವನ್ನೂ, 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನವನ್ನೂ ಓದಲೇಬೇಕು. ಆದರೆ ಇಬ್ಬರೂ ಕಂದಾಯದ ಕಣ್ಣಿನಿಂದ ನೋಡಿದವರೆಂಬುದು ನೆನಪಿರಲಿ. ಅವರಿಗೆ ಕುಮರಿ ಬೇಸಾಯ, ಎಂದರೆ ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ, ಕಂಡದ್ದು ಒಂದು ಬಗೆ, ಕಾಡಿನಲ್ಲಿ ಅದನ್ನೇ ನಂಬಿ ಬದುಕಿದವರಿಗೆ ಇನ್ನೊಂದು ಬಗೆ.

ಹಳೆಯ ಗಡಿಯೊಳಗೆ ಇಂದಿನ ಗಡಿಯನ್ನು ತುರುಕಬಾರದು. ಗೆಜೆಟಿಯರಿನಲ್ಲಿ ಭಟ್ಕಳ ಹೊನ್ನಾವರ ತಾಲೂಕಿನ ಒಳಗಿದೆ. ಇಂದು ಜೊಯಿಡಾ ಎನ್ನುವ ತಾಲೂಕು ಹಳೆಯ ಕಾಗದದಲ್ಲಿ ಸೂಪಾ. ಸೂಪಾ ಪೇಟೆ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಹೋದದ್ದರಿಂದ ಅಲ್ಲಿ ಹೋಗಿ ಗುರುತು ಹಿಡಿಯುವುದು ಸಾಧ್ಯವಿಲ್ಲ, ಹಳೆಯ ನಕ್ಷೆಯೇ ಗತಿ.

ಹಿರಿಯರನ್ನು ಕೇಳುವಾಗ ‘ತಾಲೂಕು ಯಾವಾಗ ಆಯಿತು’ ಎಂದು ಕೇಳಿದರೆ ಯಾರಲ್ಲಿಯೂ ಉತ್ತರವಿರುವುದಿಲ್ಲ. ‘ನಿಮ್ಮ ಅಜ್ಜ ತೀರ್ವೆ (ಭೂಕಂದಾಯ) ಕಟ್ಟಲು ಯಾವ ಊರಿಗೆ ಹೋಗುತ್ತಿದ್ದರು, ವ್ಯಾಜ್ಯವಾದರೆ ಯಾವ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದರು’ ಎಂದು ಕೇಳಿ. ಅವರು ಹೇಳಿದ ಊರುಗಳನ್ನು, ನಡೆದ ದಾರಿಯನ್ನು, ನಡುವೆ ರಾತ್ರಿ ಉಳಿದ ಮನೆಯನ್ನು ಹೇಳಿದ ಕ್ರಮದಲ್ಲಿಯೇ ಬರೆದುಕೊಂಡು, ಆ ಮೇಲೆ ಗ್ರಾಮ ನಕ್ಷೆಯ ಮೇಲೆ ಒಂದೊಂದಾಗಿ ಗುರುತಿಸಿರಿ.