ಅಜಂತಾದ ನೀಲಿಯ ಬೆನ್ನು ಹಿಡಿದು: ಒಬ್ಬ ಚಿತ್ರಕಾರನ ಅನುಭವ

ಭಿತ್ತಿಚಿತ್ರವೊಂದರ ಪ್ರತಿ ತೆಗೆಯಲು ಕುಳಿತಾಗ ನಾನು ಗೆರೆ ಎಳೆಯುವುದಕ್ಕೆ ಮುಂಚೆ ಅದರಲ್ಲಿರುವ ಬಣ್ಣಗಳನ್ನು ಪಟ್ಟಿಮಾಡಿ, ಪ್ರತಿಯೊಂದೂ ಯಾವ ನೆಲದ್ದೆಂದು ಎದುರಿಗೆ ಬರೆದುಕೊಳ್ಳುತ್ತೇನೆ. ಅಜಂತಾದ ಮಟ್ಟಿಗೆ ಈ ಪಟ್ಟಿ ಬಹುಬೇಗ ತುಂಬಿತು. ಕೆಂಪು ಮತ್ತು ಹಳದಿ ಕಾವಿ, ದಖನ್ನಿನ ಕಪ್ಪುಶಿಲೆಯ ಸಂದುಗಳಲ್ಲಿ ಸಿಗುವ ಹಸಿರು ಮಣ್ಣು, ಸುಣ್ಣದ ಬಿಳಿ, ದೀಪದ ಕಾಡಿಗೆ ಎಲ್ಲವೂ ಆ ಸೀಮೆಯವೇ. ನೀಲಿ ಮಾತ್ರ ಹೊರಗಿನದು. ಒಂಬತ್ತು ಮತ್ತು ಹತ್ತನೆಯ ಗುಹೆಗಳ ಹಳೆಯ ಚಿತ್ರಗಳಲ್ಲಿ ಕಾಣದ ಈ ನೀಲಿ, ವಾಕಾಟಕ ದೊರೆ ಹರಿಷೇಣನ ಕಾಲದ, ಅಂದರೆ ಕ್ರಿ.ಶ. 5ನೆಯ ಶತಮಾನದ ಗುಹೆಗಳಲ್ಲಿ ಬರುತ್ತದೆ. ಅದು ಇಂದಿನ ಈಶಾನ್ಯ ಅಫ್ಘಾನಿಸ್ತಾನದ ಬದಖ್ಶಾನಿನಲ್ಲಿ, ಕೋಕ್ಚಾ ನದಿಯ ಕಣಿವೆಯ ಗಣಿಗಳಲ್ಲಿ ದೊರೆಯುವ ಲ್ಯಾಪಿಸ್ ಲಾಜುಲಿ ಶಿಲೆಯ ಪುಡಿ.

ಆ ಬಣ್ಣವನ್ನು ಕೈಯಾರೆ ಮಾಡಿ ನೋಡದೆ ಅದರ ಬೆಲೆ ತಿಳಿಯದು ಎನಿಸಿ, ಹರಳಿನ ವ್ಯಾಪಾರಿಯೊಬ್ಬರಿಂದ ಕಚ್ಚಾ ಕಲ್ಲನ್ನು ತರಿಸಿಕೊಂಡೆ. ಕಲ್ಲನ್ನು ಒಡೆದು, ಅದರೊಳಗಿನ ಬಿಳಿಯ ಸುಣ್ಣದ ಎಳೆಗಳನ್ನೂ ಚಿನ್ನದಂತೆ ಮಿನುಗುವ ಪೈರೈಟ್ ಚುಕ್ಕೆಗಳನ್ನೂ ಆದಷ್ಟು ಆರಿಸಿ ತೆಗೆದು, ಉಳಿದದ್ದನ್ನು ಕಲ್ಲುಬತ್ತದಲ್ಲಿ ಅರೆದೆ. ನುಣ್ಣಗೆ ಅರೆದಷ್ಟೂ ನೀಲಿ ಬೂದಿಗೆ ತಿರುಗುತ್ತದೆ. ತರಿಯಾಗಿ ಬಿಟ್ಟರೆ ಬಣ್ಣ ಗಾಢವಾಗಿ ಉಳಿಯುತ್ತದೆ, ಆದರೆ ಕುಂಚಕ್ಕೆ ಸಲೀಸಾಗಿ ಒಗ್ಗುವುದಿಲ್ಲ. ಪುಡಿಯನ್ನು ನೀರಿನಲ್ಲಿ ಕದಡಿ, ತೇಲಿ ನಿಂತ ಮಂಕು ನೀರನ್ನು ಬಸಿದು, ತಳಕ್ಕಿಳಿದ ನೀಲಿ ಗಸಿಯನ್ನು ಒಣಗಿಸಿದಾಗ ಕೈಗೆ ಸಿಕ್ಕಿದ್ದು ಕಲ್ಲಿನ ತೂಕದ ಅಲ್ಪಾಂಶ. ಹೊಟ್ಟು ಬೆರೆಸಿದ ಮಣ್ಣಿನ ಗಿಲಾವಿನ ಮೇಲೆ ತೆಳುವಾಗಿ ಸುಣ್ಣ ಬಳಿದು, ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಈ ಬಣ್ಣವನ್ನು ಕಾವಿಯ ಪಕ್ಕದಲ್ಲಿಟ್ಟೆ. ಕಾವಿಯ ನೆರೆಯಲ್ಲಿ ಚಿಟಿಕೆಯಷ್ಟು ನೀಲಿಯೂ ಎದ್ದು ಕಾಣುತ್ತದೆ. ಅಜಂತಾದ ಕಲಾವಿದರು ಅದನ್ನು ಅಷ್ಟು ಲೆಕ್ಕಹಾಕಿ ಬಳಸಿದ್ದೇಕೆಂಬುದು ನನಗೆ ಆಗ ಮನದಟ್ಟಾಯಿತು.

ಪರದೇಶಗಳೊಡನೆ ನಡೆದ ವಿನಿಮಯದ ಸಾಕ್ಷ್ಯವನ್ನು ಅನೇಕರು ಮುಖ ಮತ್ತು ಉಡುಪುಗಳಲ್ಲಿ ಹುಡುಕುತ್ತಾರೆ. ಒಂದನೆಯ ಗುಹೆಯ ಛಾವಣಿಯಲ್ಲಿ ಟೋಪಿ, ಗಡ್ಡ, ಕಾಲುಚೀಲಗಳಿಂದ ಕೂಡಿದ ಪರದೇಶೀಯನೊಬ್ಬ ಪಾನಪಾತ್ರೆ ಹಿಡಿದು ಕುಳಿತಿದ್ದಾನೆ. ಅದೇ ಗುಹೆಯ ಗೋಡೆಯ ಮೇಲಿನ ಆಸ್ಥಾನದೃಶ್ಯದಲ್ಲಿಯೂ ಇಂತಹ ಪರದೇಶೀಯರಿದ್ದಾರೆ. ಆ ದೃಶ್ಯವನ್ನು ಪರ್ಷಿಯಾದ ದೊರೆ ಖುಸ್ರುವಿನ ರಾಯಭಾರಿಗಳನ್ನು ಇಮ್ಮಡಿ ಪುಲಕೇಶಿ ಬರಮಾಡಿಕೊಳ್ಳುತ್ತಿರುವುದೆಂದು 19ನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಗುರುತಿಸಿದರು, ಕನ್ನಡಿಗರಾದ ನಾವು ಅದನ್ನು ಅಭಿಮಾನದಿಂದ ಓದಿಕೊಂಡು ಬೆಳೆದೆವು. ಆದರೆ ಗುಹೆ ವಾಕಾಟಕರ ಕಾಲದ್ದೆಂಬುದೇ ಇಂದು ಬಹುತೇಕ ವಿದ್ವಾಂಸರ ಮತ. ಪುಲಕೇಶಿ ಪಟ್ಟಕ್ಕೆ ಬಂದದ್ದು ಸುಮಾರು 610ರಲ್ಲಿ. ಉಡುಪನ್ನು ನೋಡಿ ಘಟನೆಯನ್ನು ಊಹಿಸುವಾಗ ಇಂತಹ ಅಪಾಯವಿದೆ. ಪರದೇಶೀಯನ ವೇಷವನ್ನು ಕೇಳಿದ ಮಾತಿನಿಂದಲೂ ಬರೆಯಬಹುದು. ಬದಖ್ಶಾನಿನ ಕಲ್ಲನ್ನಾದರೋ ಯಾರಾದರೂ ಹೊತ್ತು ತರಲೇಬೇಕು. ಉಜ್ಜಯಿನಿಯಿಂದ ಪೈಠಣಕ್ಕೆ ಹೋಗುವ ಹಳೆಯ ವರ್ತಕರ ದಾರಿ ಅಜಂತಾದ ಸಮೀಪದಲ್ಲೇ ಇತ್ತು ಎಂಬುದು ನನಗೆ ಆ ಛಾವಣಿಯ ಚಿತ್ರಕ್ಕಿಂತ ಮುಖ್ಯವಾಗಿ ತೋರುತ್ತದೆ.

ಇದೇ ಶಿಲೆಯ ನೀಲಿ ಅಫ್ಘಾನಿಸ್ತಾನದ ಬಾಮಿಯಾನ್, ಇಂದಿನ ವಾಯವ್ಯ ಚೀನಾದ ಕಿಜಿಲ್ ಮತ್ತು ದುನ್‌ಹುವಾಂಗ್ ಗುಹೆಗಳಲ್ಲಿಯೂ ಇದೆ. ಕಿಜಿಲ್‌ನಲ್ಲಿ ಅದನ್ನು ಧಾರಾಳವಾಗಿ ಹರಡಿದ್ದಾರೆ. ಬಣ್ಣ ದಕ್ಷಿಣಕ್ಕೆ ಬಂದಂತೆ ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಇಲ್ಲಿಯ ಜಾತಕ ಕತೆಗಳು ಭಿಕ್ಷುಗಳ ಮತ್ತು ವರ್ತಕರ ಜೊತೆಯಲ್ಲಿ ಉತ್ತರಕ್ಕೆ ಹೋದವು. ಪಾರಿವಾಳವನ್ನು ಉಳಿಸಲು ತನ್ನ ಮಾಂಸವನ್ನೇ ತೂಗಿಕೊಟ್ಟ ಶಿಬಿ ಅಜಂತಾದ ಒಂದನೆಯ ಗುಹೆಯಲ್ಲಿಯೂ ಇದ್ದಾನೆ, ದುನ್‌ಹುವಾಂಗಿನ 254ನೆಯ ಗುಹೆಯಲ್ಲಿಯೂ ಇದ್ದಾನೆ. ಈಗ ನಾನು ಈ ಎರಡೂ ಶಿಬಿಯರ ಪ್ರತಿಯನ್ನು ಒಂದೇ ಅಳತೆಯಲ್ಲಿ ತೆಗೆಯುತ್ತಿದ್ದೇನೆ. ದುನ್‌ಹುವಾಂಗಿನ ಚಿತ್ರದಲ್ಲಿ ದೇಹದ ಅಂಚುಗುಂಟ ಬಳಿದ ನೆರಳಿನ ಪಟ್ಟೆಗಳು ಕಾಲಕ್ರಮದಲ್ಲಿ ಕಪ್ಪಾಗಿವೆ. ಮೂಲದಲ್ಲಿ ಅವು ಎಷ್ಟು ತಿಳಿಯಾಗಿದ್ದಿರಬಹುದೆಂದು ತಿಳಿಯಲು ಕಾವಿಯ ಹಲವು ಛಾಯೆಗಳನ್ನು ಬೇರೆ ಬೇರೆ ಹಲಗೆಗಳ ಮೇಲೆ ಬಳಿದು ಹೋಲಿಸಿ ನೋಡುತ್ತಿದ್ದೇನೆ.